ರೈಫಲ್ ಜಾಮ್ ಆಯ್ತು ಅಂದ್ರೆ ಎಲ್ಲಿಂದ ಹುಡುಕ್ಬೇಕು: ವಿಯೆಟ್ನಾಂನ ಎಂ16 ಇಟ್ಕೊಂಡು ಒಂದು ದೋಷ ನಿವಾರಣೆ ಕೈಪಿಡಿ

"ಜಾಮ್ ಆಯ್ತು" ಅನ್ನೋದು ದೂರು ಅಷ್ಟೇ, ಲಕ್ಷಣ ಅಲ್ಲ. ಸಿಪಾಯಿ ಬಾಯಲ್ಲಿ ಅಷ್ಟೇ ಬರೋದು, ಯಾಕಂದ್ರೆ ಆ ಹೊತ್ತಲ್ಲಿ ಅವನಿಗೆ ಗೊತ್ತಿರೋದು ಟ್ರಿಗರ್ ಎಳ್ದೆ ಗುಂಡು ಹಾರ್ಲಿಲ್ಲ ಅನ್ನೋದು ಮಾತ್ರ. ಆದ್ರೆ ದೋಷ ಹುಡುಕೋಕೆ ಕೂತವರು ಅದೊಂದೇ ಮಾತು ಹಿಡ್ಕೊಂಡು "ಗನ್ನೇ ಡಬ್ಬಾ" ಅಂತಲೋ, ಇಲ್ಲಾ "ಹುಡುಗ್ರು ಸರಿಯಾಗಿ ಕ್ಲೀನ್ ಮಾಡಲ್ಲ" ಅಂತಲೋ ಷರಾ ಬರೆದು ಎದ್ದುಬಿಟ್ರೆ ಮುಗೀತು, ಅದೇ ದೋಷ ಇನ್ನೊಂದು ಬೆಟ್ಟದ ಮೇಲೆ ಇನ್ನೊಂದಿಷ್ಟು ಜನರ ಕೈಲಿ ಮತ್ತೆ ಬರತ್ತೆ.

ಇದನ್ನ ಬಿಡಿಸಿ ತೋರಿಸೋಕೆ ಅಮೆರಿಕದ ಎಂ16 ತಗೊಂಡಿದೀನಿ, ವಿಯೆಟ್ನಾಂ ಯುದ್ಧದ ಕಾಲದ್ದು, ಮುಖ್ಯವಾಗಿ 1965ರಿಂದ 68ರವರೆಗೆ. ಸರ್ವೀಸ್ ರೈಫಲ್ ಕೈಕೊಟ್ಟ ಕಥೆ ಎಲ್ಲಾ ದೇಶದ ಸೈನ್ಯದಲ್ಲೂ ಸಿಗತ್ತೆ, ಆದ್ರೆ ಕಾರ್ಖಾನೆಯವರು, ಗುಂಡಿನ ಮದ್ದು ತಯಾರಿಸೋರು, ಜನರಲ್‌ಗಳು, ಹೀಗೆ ಎಲ್ಲರನ್ನೂ ಕರೆಸಿ ಪ್ರಶ್ನೆ ಕೇಳಿ ಎಲ್ಲಾನೂ ದಾಖಲೆಗೆ ಬಂದಿರೋ ಕೇಸುಗಳು ಕಡಿಮೆ. ಇದು ಅಂಥದ್ದು.

ಮೊದ್ಲು ದೂರು ಏನಿತ್ತು ನೋಡಿ. 1967ರ ಏಪ್ರಿಲ್ ಕೊನೆಯಿಂದ ಮೇ ವರೆಗೆ ಖೇ ಸಾನ್ ಹತ್ರದ ಬೆಟ್ಟಗಳಲ್ಲಿ, ಮೀಟರ್ ಲೆಕ್ಕದ ಎತ್ತರಾನೇ ಹೆಸರಾಗಿದ್ದ 861, 881 ದಕ್ಷಿಣ, 881 ಉತ್ತರ ಅನ್ನೋ ಗುಡ್ಡಗಳಲ್ಲಿ, ಅಮೆರಿಕದ ಮೆರೀನ್‌ಗಳಿಗೂ ಉತ್ತರ ವಿಯೆಟ್ನಾಂ ಸೈನ್ಯಕ್ಕೂ ಭಾರಿ ಕಾಳಗ ಆಯ್ತು, 155 ಮೆರೀನ್‌ಗಳು ಸತ್ರು. ಅವ್ರು ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಹಳೇ ಎಂ14 ವಾಪಸ್ ಕೊಟ್ಟು ಎಂ16 ತಗೊಂಡಿದ್ರು. ಅಲ್ಲಿಂದ ಒಬ್ಬ ಮೆರೀನ್ ಮನೆಗೆ ಬರೆದ ಕಾಗದದಲ್ಲಿ, ನಮ್ಮ ಪ್ಲಟೂನ್‌ನಲ್ಲಿ 72 ಜನ ಹೋಗಿ 19 ಜನ ವಾಪಸ್ ಬಂದ್ವಿ, ನಮ್ಮವರಲ್ಲಿ ಜಾಸ್ತಿ ಜನರನ್ನ ಕೊಂದಿದ್ದು ನಮ್ಮದೇ ರೈಫಲ್ಲು, ಅನ್ನೋ ಅರ್ಥದ ಮಾತಿತ್ತು. ನ್ಯೂಜೆರ್ಸಿಯ ಸಂಸದ ಜೇಮ್ಸ್ ಹೋವರ್ಡ್ ಆ ಕಾಗದವನ್ನ ಅಮೆರಿಕದ ಸಂಸತ್ತಿನಲ್ಲಿ ಓದಿದ್ರು. ಸತ್ತ ಹುಡುಗ್ರ ಪಕ್ಕದಲ್ಲಿ ಬಿಚ್ಚಿಟ್ಟ ರೈಫಲ್, ನಳಿಗೆ ಒಳಗೆ ತುರುಕಿದ್ದ ಕ್ಲೀನಿಂಗ್ ರಾಡ್ ಸಿಕ್ಕಿದ ವರದಿಗಳೂ ಬಂದ್ವು. ಈ ರಾಡ್ ವಿಷ್ಯ ನೆನಪಿಟ್ಕೊಳ್ಳಿ, ರೋಗನಿರ್ಣಯಕ್ಕೆ ಅದೇ ದೊಡ್ಡ ಸುಳಿವು.

ಈಗ ಇದಕ್ಕೆ ಪೂರ್ತಿ ಉಲ್ಟಾ ಸಾಕ್ಷಿ. 1962ರಲ್ಲಿ ಇದೇ ರೈಫಲ್‌ನ ಮೂಲ ರೂಪ, ಯೂಜೀನ್ ಸ್ಟೋನರ್ ಡಿಸೈನ್ ಮಾಡಿದ ಎಆರ್-15, 1,000 ಪೀಸು ದಕ್ಷಿಣ ವಿಯೆಟ್ನಾಂ ಸೈನಿಕರಿಗೆ ಟ್ರಯಲ್‌ಗೆ ಹೋಗಿತ್ತು, ವರದಿ ಬಂದಿದ್ದು ಹೊಗಳಿಕೆಯದ್ದೇ. 1965ರ ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆ ಕಾಳಗ ನಡೆಸಿದ ಹಾಲ್ ಮೂರ್ ಕೂಡ ರೈಫಲ್ ಚೆನ್ನಾಗಿ ಕೆಲಸ ಮಾಡ್ತು ಅಂದ್ರು, ಆ ಕಾಳಗ ಆದ್ಮೇಲೇನೇ ವಿಯೆಟ್ನಾಂನಲ್ಲಿ ಅಮೆರಿಕದ ಸೈನ್ಯದ ಮುಖ್ಯಸ್ಥರಾಗಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಲಕ್ಷಕ್ಕೂ ಮೇಲೆ ರೈಫಲ್ ಬೇಕು ಅಂತ ಕೇಳಿದ್ದು. ಅಂದ್ರೆ 62ರಲ್ಲಿ ಸೂಪರ್, 65ರಲ್ಲಿ ಸರಿ, 67ರಲ್ಲಿ ಸಾವು. ಒಂದೇ ಹೆಸರಿನ ಸಾಮಾನು ಹೀಗೆ ಮೂರು ಥರ ವರದಿ ತಂದ್ರೆ ಯಾರ ಮಾತು ಸುಳ್ಳು ಅಂತ ಜಗಳಕ್ಕೆ ಕೂರ್ಬೇಡಿ, ಮಧ್ಯದಲ್ಲಿ ಏನೇನು ಬದಲಾಯ್ತು ಅಂತ ಪಟ್ಟಿ ಮಾಡಿ. ನನ್ನ ಪ್ರಕಾರ ಈ ಕೇಸಲ್ಲಿ ಎಲ್ಲರೂ ನಿಜಾನೇ ಹೇಳಿದಾರೆ.

ನಿಂತಾಗ ಚೇಂಬರ್‌ನಲ್ಲಿ ಏನಿತ್ತು?

ಎಲ್ಲಕ್ಕಿಂತ ಮೊದ್ಲು ಕೇಳ್ಬೇಕಾದ ಪ್ರಶ್ನೆ ಇದು. ರೈಫಲ್ ಪ್ರತಿ ಸಲನೂ ಮಾಡೋ ಕೆಲಸ ಇಷ್ಟು: ಮ್ಯಾಗಜೀನ್‌ನಿಂದ ರೌಂಡ್ ಎತ್ತೋದು, ಚೇಂಬರ್‌ಗೆ (ನಳಿಗೆ ಹಿಂಭಾಗದಲ್ಲಿ ರೌಂಡ್ ಕೂರೋ ಗೂಡು) ತಳ್ಳಿ ಬೋಲ್ಟ್ (ಅದನ್ನ ಹಿಂದಿನಿಂದ ಮುಚ್ಚೋ ಉಕ್ಕಿನ ತುಂಡು) ಲಾಕ್ ಆಗೋದು, ಪಿನ್ ಹೊಡೆಯೋದು, ಆಮೇಲೆ ಲಾಕ್ ಬಿಚ್ಚಿ ಖಾಲಿ ಕೇಸ್, ಅಂದ್ರೆ ರೌಂಡ್‌ನ ಹಿತ್ತಾಳೆ ಕವಚ, ಎಳೆದು ಹೊರಗೆ ಎಸೆಯೋದು. ನಿಲ್ಲೋದು ಇದರಲ್ಲಿ ಯಾವುದೋ ಒಂದು ಹಂತದಲ್ಲಿ. ನಿಂತ ಮೇಲೆ ಚೇಂಬರ್ ಖಾಲಿ ಇದ್ದು ಮ್ಯಾಗಜೀನ್‌ನಲ್ಲಿ ರೌಂಡ್ ಇದ್ರೆ ಮ್ಯಾಗಜೀನ್ ಕಡೆ ನೋಡಿ. ಜೀವಂತ ರೌಂಡ್ ಇದ್ದು ಅದರ ಹಿಂಭಾಗದ ಪ್ರೈಮರ್ ಮೇಲೆ ಸಣ್ಣ ಗುರುತು ಮಾತ್ರ ಬಿದ್ದಿದ್ರೆ ಪಿನ್ ಏಟು ಹಗುರಾಗಿದೆ. ರೌಂಡ್ ಅರ್ಧ ಹೋಗಿ ಬೋಲ್ಟ್ ಮುಚ್ಚದೇ ನಿಂತಿದ್ರೆ ಕೊಳೆನೋ ಸೋತ ಸ್ಪ್ರಿಂಗೋ ಡೆಂಟ್ ಆಗಿರೋ ರೌಂಡೋ ಇರ್ಬಹುದು. ಖಾಲಿ ಕೇಸ್ ಹೊರಬೀಳೋ ಕಿಟಕಿಯಲ್ಲೇ ಅಡ್ಡ ಸಿಕ್ಕಾಕ್ಕೊಂಡಿದ್ರೆ ಎಸೆಯೋ ಕಡೆ ತೊಂದ್ರೆ. ಇವೆಲ್ಲದರಲ್ಲೂ ಸಾಮಾನ್ಯವಾಗಿ ಮ್ಯಾಗಜೀನ್ ತೆಗೆದು ಹ್ಯಾಂಡಲ್ ಎಳೆದು ಬಿಟ್ಟು ಮತ್ತೆ ಲೋಡ್ ಮಾಡಿದ್ರೆ ಕೆಲವು ಸೆಕೆಂಡಲ್ಲಿ ಗನ್ ವಾಪಸ್ ಜೀವಕ್ಕೆ ಬರತ್ತೆ.

ಐದನೇದು ಹಾಗಲ್ಲ. ಖಾಲಿ ಕೇಸ್ ಚೇಂಬರ್ ಒಳಗೇ ಉಳ್ಕೊಂಡಿದೆ, ಎಕ್ಸ್‌ಟ್ರಾಕ್ಟರ್ ಅನ್ನೋ ಕೊಕ್ಕೆ ಕೇಸ್‌ನ ಅಂಚಿನಿಂದ ಜಾರಿದೆ ಅಥ್ವಾ ಅಂಚನ್ನೇ ಹರ್ಕೊಂಡು ಬಂದಿದೆ, ಬೋಲ್ಟ್ ಹಿಂದೆ ಹೋಗಿ ಇನ್ನೊಂದು ರೌಂಡ್ ತಂದು ಅದರ ಬೆನ್ನಿಗೆ ಗುದ್ದಿ ನಿಂತಿದೆ. ಹ್ಯಾಂಡಲ್ ಎಷ್ಟು ಎಳೆದ್ರೂ ಕೊಕ್ಕೆಗೆ ಹಿಡಿಯೋಕೆ ಏನೂ ಸಿಗಲ್ಲ. ದಾರಿ ಒಂದೇ, ಮುಂದಿನಿಂದ ನಳಿಗೆ ಒಳಗೆ ರಾಡ್ ಹಾಕಿ ಕುಟ್ಟಿ ಹೊರಗೆ ಕೆಡವೋದು. ಆ ರಾಡ್ ತುಂಡು ತುಂಡಾಗಿ ಬರತ್ತೆ, ಜೋಡಿಸ್ಕೋಬೇಕು, ಎದುರುಗಡೆಯಿಂದ ಗುಂಡು ಬರ್ತಿರೋವಾಗ. ಅದಕ್ಕೇ ಎಷ್ಟೋ ಸೈನಿಕರು ರಾಡ್‌ನ ಮೊದಲೇ ಜೋಡಿಸಿ ರೈಫಲ್ ಪಕ್ಕಕ್ಕೆ ಟೇಪ್ ಸುತ್ತಿ ಓಡಾಡ್ತಿದ್ರು. ಒಂದು ಯೂನಿಟ್‌ನವ್ರು ಹೀಗೆ ಟೇಪ್ ಸುತ್ಕೊಂಡಿದಾರೆ ಅಂದ್ರೆ ಬೇರೆ ಲಕ್ಷಣ ಕೇಳೋದೇ ಬೇಡ, ಅವರ ತೊಂದ್ರೆ ಐದನೇದೇ. ವಿಯೆಟ್ನಾಂನಲ್ಲಿ ಜೀವ ತೆಗೆದಿದ್ದೂ ಮುಖ್ಯವಾಗಿ ಇದೇ.

ಹಿತ್ತಾಳೆ ಯಾಕೆ ಅಂಟ್ಕೊಳ್ಳತ್ತೆ

ಗುಂಡು ಹಾರೋವಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಕೇಸ್ ಉಬ್ಬಿ ಚೇಂಬರ್ ಗೋಡೆಗೆ ಗಟ್ಟಿಯಾಗಿ ಒತ್ಕೊಳ್ಳತ್ತೆ, ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಕುಗ್ಗಿ ಗೋಡೆ ಬಿಡತ್ತೆ, ಆಗ ಎಳೆದ್ರೆ ಸಲೀಸಾಗಿ ಬರತ್ತೆ. ನಮ್ಮ ಕೊಡಗು ಮಲೆನಾಡು ಕಡೆ ಹಳೇ ಕಾಗದದ ತೋಟೆ ಹಾಕಿ ಕೋವಿ ಹೊಡೆದವರಿಗೆ ಇದು ಗೊತ್ತು, ಮಳೆಗಾಲದಲ್ಲಿ ತೇವ ಹಿಡಿದು ಊದಿರೋ ತೋಟೆ ನಳಿಗೇಲಿ ಕಚ್ಕೊಂಡ್ರೆ ಬರೋದೇ ಇಲ್ಲ ಅಂತ ಹಟ ಹಿಡಿಯತ್ತಲ್ಲ, ಹಂಗೆ. ಇಲ್ಲಿ ಕಚ್ಕೊಳ್ಳೋಕೆ ಎರಡು ಕಾರಣ ಇರ್ಬಹುದು: ಒಂದು, ಗೋಡೆ ಒರಟಾಗಿದೆ. ಇನ್ನೊಂದು, ಕೇಸ್ ಕುಗ್ಗೋದ್ರೊಳಗೇ ಬೋಲ್ಟ್ ಅವಸರ ಮಾಡಿ ಎಳೀತಿದೆ. ಎಂ16 ವಿಷ್ಯದಲ್ಲಿ ಎರಡೂ ಇತ್ತು, ಅದೇ ಕಷ್ಟ. ಒಂದೇ ಇದ್ದಿದ್ರೆ ಬೇಗ ಸಿಕ್ತಿತ್ತು.

ಗೋಡೆ ವಿಷ್ಯ ಮೊದ್ಲು. ವಿಯೆಟ್ನಾಂ ಅಂದ್ರೆ ಉಷ್ಣ, ಮಳೆ, ಗದ್ದೆ ಕೆಸರು, ಉಕ್ಕಿಗೆ ರಾತ್ರೋರಾತ್ರಿ ತುಕ್ಕು ಹಿಡಿಯೋ ಹವೆ. ಚೇಂಬರ್ ಒಳಗೆ ತುಕ್ಕು ತಿಂದು ಸೂಜಿಮೊನೆಯಷ್ಟು ಸಣ್ಣ ಗುಂಡಿಗಳು ಬಿದ್ರೆ ಸಾಕು, ಉಬ್ಬಿದ ಹಿತ್ತಾಳೆ ಆ ಗುಂಡಿಗಳೊಳಗೆ ಹೊಕ್ಕು ಹಿಡ್ಕೊಳ್ಳತ್ತೆ. ಇದಕ್ಕೆ ಔಷಧಿ ಗೊತ್ತಿಲ್ಲದ್ದೇನಲ್ಲ, ಕ್ರೋಮ್ ಲೇಪನ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಅರಿಸಾಕ ರೈಫಲ್‌ಗಳ ನಳಿಗೆಗೆ ಕ್ರೋಮ್ ಇತ್ತು, ಅಮೆರಿಕದ್ದೇ ಎಂ14ಗೂ ಇತ್ತು, ಎದುರಾಳಿ ಕೈಲಿದ್ದ ಎಕೆಗೂ ಇತ್ತು. ಎಆರ್-15ಗೆ ಇರ್ಲಿಲ್ಲ. ಸೈನ್ಯ ಅದನ್ನ ತಗೊಳ್ಳೋವಾಗ ನೂರೆಂಟು ಬದಲಾವಣೆ ಕೇಳಿ ಚರ್ಚೆ ಮಾಡಿದವ್ರು ಇದೊಂದನ್ನ ಕೇಳ್ಲಿಲ್ಲ. ಕಾಡಿನ ಯುದ್ಧಕ್ಕೆ ಹೋಗೋ ಗನ್‌ಗೆ ಇದನ್ನ ಬಿಟ್ಟಿದ್ದು ನನಗಂತೂ ಕ್ಷಮಿಸೋಕಾಗದ ತಪ್ಪು ಅನ್ಸತ್ತೆ.

ಪರೀಕ್ಷೆ ಮಾಡೋದು ಹೇಗೆ ಅಂದ್ರೆ, ನಳಿಗೆಗೆ ಮುಂದಿನಿಂದ ಲೈಟ್ ಬಿಟ್ಟು ನೋಡಿ ಫಳಫಳ ಹೊಳೀತಿದೆ ಅಂತ ಖುಷಿಪಡೋದಲ್ಲ, ಕ್ಲೀನಿಂಗ್ ರಾಡ್ ಓಡಾಡೋ ನಳಿಗೆ ಹೊಳೀತಾನೇ ಇರತ್ತೆ, ಚೇಂಬರ್ ಅದಕ್ಕಿಂತ ಅಗಲ, ನಳಿಗೆ ಬ್ರಷ್ ಅದರ ಗೋಡೆ ಮುಟ್ಟೋದೇ ಇಲ್ಲ. ಅದಕ್ಕೆ ಬೇರೆ ದಪ್ಪ ಬ್ರಷ್ಷೇ ಬೇಕು. ಹೊರಗೆ ಬಂದ ಖಾಲಿ ಕೇಸ್‌ಗಳನ್ನ ಬಿಸಾಕ್ಬೇಡಿ, ಅವುಗಳ ಮೈಮೇಲೆ ಗೀರು, ಚುಕ್ಕೆ ಅಚ್ಚಾಗಿದ್ದು ಪ್ರತಿ ಕೇಸ್‌ನಲ್ಲೂ ಅದೇ ಜಾಗದಲ್ಲಿ ಬರ್ತಿದ್ರೆ ಗೋಡೆ ಹಾಳಾಗಿದೆ ಅಂತಲೇ ಅರ್ಥ. ಅಂಚು ಹರಿದಿರೋದು ಕಂಡ್ರೆ ಅದೂ ಬರ್ಕೊಳ್ಳಿ. ಗುಂಡಿ ಬಿದ್ದ ಚೇಂಬರ್‌ನ ಎಷ್ಟು ಉಜ್ಜಿದ್ರೂ ಗುಂಡಿ ತುಂಬಲ್ಲ, ನಳಿಗೆ ಬದಲಾಯಿಸೋದೊಂದೇ ಉಳಿದ ದಾರಿ. ಇಲ್ಲಿ "ಹುಡುಗ ಕ್ಲೀನ್ ಮಾಡಿಲ್ಲ" ಅನ್ನೋ ಷರಾ ಎಷ್ಟು ಅನ್ಯಾಯ ಅಂದ್ರೆ, ಅವನ ಕೈಗೆ ಬರೋ ಮುಂಚೆ ಯಾರ ಕೈಲೋ ಹಾಳಾದ ಚೇಂಬರ್‌ನ ಇವನು ದಿನಾ ಮೂರು ಹೊತ್ತು ತೊಳೆದ್ರೂ ಕೇಸ್ ಸಿಕ್ಕಾಕ್ಕೊಳ್ತಾನೇ ಇರತ್ತೆ.

ಮದ್ದು ಬದಲಾಗಿದ್ದು

ಈಗ ಎರಡನೇ ಕಾರಣ, ಅವಸರದ ಬೋಲ್ಟು. ಇದು ಸ್ವಲ್ಪ ಉದ್ದ ಕಥೆ, ಆದ್ರೆ ಇಡೀ ಕೇಸಿನ ಹೂರಣ ಇಲ್ಲೇ ಇರೋದು.

ಸ್ಟೋನರ್ ಈ ರೈಫಲ್‌ನ ಡುಪಾಂಟ್ ಕಂಪನಿಯ ಐಎಂಆರ್ ಅನ್ನೋ ಕಡ್ಡಿ ಥರದ ಮದ್ದಿಗೆ ಹೊಂದಿಸಿ ಮಾಡಿದ್ರು. ಈ ರೈಫಲ್‌ನಲ್ಲಿ ಪಿಸ್ಟನ್ ಇಲ್ಲ, ನಳಿಗೆ ಮಧ್ಯದ ಒಂದು ಸಣ್ಣ ತೂತಿನಿಂದ ಗ್ಯಾಸು ಒಂದು ತೆಳು ಕೊಳವೆ ಮೂಲಕ ನೇರ ಬೋಲ್ಟ್ ಕ್ಯಾರಿಯರ್, ಅಂದ್ರೆ ಬೋಲ್ಟನ್ನ ಹೊತ್ತು ಹಿಂದೆಮುಂದೆ ಓಡೋ ಭಾಗ, ಅದರ ಒಳಗೇ ಬಂದು ತಳ್ಳತ್ತೆ. ಹಾಗಾಗಿ ಮದ್ದು ಎಷ್ಟು ಬೇಗ ಉರಿಯತ್ತೆ, ಆ ತೂತಿನ ಹತ್ರ ಒತ್ತಡ ಎಷ್ಟಿರತ್ತೆ ಅನ್ನೋದರ ಮೇಲೆ ಇಡೀ ಯಂತ್ರದ ತಾಳ ನಿಂತಿದೆ. ಸೈನ್ಯ ಏನ್ ಮಾಡ್ತು, ಗುಂಡಿನ ವೇಗ ಸೆಕೆಂಡಿಗೆ 3,250 ಅಡಿ ಬರ್ಲೇಬೇಕು, ಚೇಂಬರ್ ಒತ್ತಡ ಮಾತ್ರ ಮಿತಿ ದಾಟಬಾರದು ಅಂತ ಪಟ್ಟು ಹಿಡೀತು. ಡುಪಾಂಟ್‌ನವರಿಗೆ ರಾಶಿ ಉತ್ಪಾದನೆಯಲ್ಲಿ ಎರಡನ್ನೂ ಒಟ್ಟಿಗೆ ಹಿಡಿಯೋದು ಕಷ್ಟ ಆಯ್ತು. ಆಗ ಓಲಿನ್ ಕಂಪನಿಯ ಡಬ್ಲ್ಯೂಸಿ846 ಅನ್ನೋ ಬಾಲ್ ಮದ್ದು, ಅಂದ್ರೆ ಸಣ್ಣ ಸಣ್ಣ ಗುಂಡು ಕಾಳಿನಂಥದ್ದು, 1964ರಲ್ಲಿ ಒಳಗೆ ಬಂತು. 7.62 ಮಿ.ಮೀ. ಅಳತೆಯ ದೊಡ್ಡ ರೌಂಡ್‌ಗಳಲ್ಲಿ ಅದು ಚೆನ್ನಾಗೇ ನಡೀತಿತ್ತು, ಕೆಟ್ಟ ಮದ್ದೇನಲ್ಲ. ಆದ್ರೆ ಈ ಗನ್‌ಗೆ ಹೊಂದಿಸಿದ್ದು ಬೇರೆ ಮದ್ದು.

ಬಾಲ್ ಮದ್ದಿನಲ್ಲಿ ಗ್ಯಾಸ್ ತೂತಿನ ಹತ್ರ ಒತ್ತಡ ಜಾಸ್ತಿ. ಬೋಲ್ಟ್ ಬೇಗ ಬಿಚ್ಕೊಳ್ಳತ್ತೆ, ಜೋರಾಗಿ ಹಿಂದೆ ಓಡತ್ತೆ, ಕೇಸ್ ಇನ್ನೂ ಗೋಡೆ ಬಿಟ್ಟಿರಲ್ಲ, ಕೊಕ್ಕೆ ಅಂಚು ಹರಿಯತ್ತೆ. ಫೈರಿಂಗ್ ವೇಗನೂ ಏರ್ತು, ನಿಮಿಷಕ್ಕೆ 850 ಗುಂಡು ದಾಟಬಾರದು ಅಂತ ಇದ್ದದ್ದು ಸಾವಿರದ ಹತ್ರ ಹೋಗ್ತಿತ್ತು, ಅಷ್ಟು ವೇಗಕ್ಕೆ ಭಾಗಗಳೂ ಬೇಗ ಮುರೀತಿದ್ವು. ಇದರ ಜೊತೆ ಆ ಮದ್ದಿನಲ್ಲಿ ಆಮ್ಲ ತೊಡೆಯೋಕೆ ಅಂತ ಕ್ಯಾಲ್ಸಿಯಂ ಕಾರ್ಬೋನೇಟ್ ಇರ್ತಿತ್ತು, ಅದರ ಶೇಷ ಹೋಗಿ ಗ್ಯಾಸ್ ಕೊಳವೆ, ಬೋಲ್ಟ್ ಕ್ಯಾರಿಯರ್ ಒಳಗೆ ಕೂತ್ಕೊಳ್ತಿತ್ತು.

ಫೀಲ್ಡ್‌ನಲ್ಲಿ ಮದ್ದಿನ ಮೇಲೆ ಅನುಮಾನ ಬಂದ್ರೆ ನೋಡೋದು ಹೀಗೆ: ಅದೇ ರೈಫಲ್, ಅದೇ ಮ್ಯಾಗಜೀನ್, ಅದೇ ದಿನ, ಬೇರೆ ಬೇರೆ ಲಾಟ್‌ನ, ಅಂದ್ರೆ ಬೇರೆ ಬೇರೆ ಕಂತಲ್ಲಿ ತಯಾರಾದ, ರೌಂಡ್ ಹಾಕಿ ಹೊಡೀರಿ. ಲಾಟ್ ನಂಬರ್ ಪೆಟ್ಟಿಗೆ ಮೇಲೇ ಇರತ್ತೆ. ಒಂದು ಲಾಟ್‌ನಲ್ಲಿ ಕೇಸ್ ಅಂಚು ಹರೀತಿದ್ದು ಇನ್ನೊಂದರಲ್ಲಿ ಸಲೀಸಾಗಿ ಬಂದ್ರೆ ದೋಷ ರೈಫಲ್‌ನಲ್ಲಿ ಮಾತ್ರ ಹುಡುಕೋದು ವ್ಯರ್ಥ. ಎಲ್ಲಾ ಲಾಟ್‌ನಲ್ಲೂ ಒಂದೇ ರೈಫಲ್ ಕಾಡ್ತಿದ್ರೆ ಅದರ ಚೇಂಬರ್ ಬಿಚ್ಚಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಮದ್ದು ನಳಿಗೆ ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಸರಿ ಆಗಬಹುದು, ಆದ್ರೆ ಯಾವುದರಿಂದ ಸರಿ ಆಯ್ತು ಅಂತ ಹೇಳೋಕೆ ಬರಲ್ಲ.

ಇಷ್ಟು ಸುಲಭದ ಪರೀಕ್ಷೆ ಕಾರ್ಖಾನೆಯಲ್ಲೇ ಆಗಿತ್ತು ಅನ್ನೋದೇ ಬೇಜಾರಿನ ವಿಷ್ಯ. ಬಾಲ್ ಮದ್ದಿನ ರೌಂಡ್ ಹಾಕಿದ್ರೆ ನಮ್ಮ ಎಷ್ಟೋ ರೈಫಲ್ ವೇಗದ ಮಿತಿ ದಾಟ್ತಿವೆ, ಒಪ್ಪಿಗೆ ಪರೀಕ್ಷೆ ಪಾಸ್ ಆಗಲ್ಲ ಅಂತ ರೈಫಲ್ ತಯಾರಿಸ್ತಿದ್ದ ಕೋಲ್ಟ್ ಕಂಪನಿಯವ್ರು ಸೈನ್ಯಕ್ಕೆ ಹೇಳಿದ್ರು. ಆಗ ಸಿಕ್ಕ ಪರಿಹಾರ ಏನು ಗೊತ್ತಾ, ಒಪ್ಪಿಗೆ ಪರೀಕ್ಷೆಗೆ ಹಳೇ ಐಎಂಆರ್ ರೌಂಡ್ ಬಳಸ್ಕೊಳ್ಳಿ ಅಂತ ಪರ್ಮಿಷನ್. ಹಾರ್ಟ್‌ಫರ್ಡ್‌ನ ಕಾರ್ಖಾನೆಯಲ್ಲಿ ಹಳೇ ಮದ್ದಿನಲ್ಲಿ ಪಾಸಾಗಿ ಹಡಗು ಹತ್ತಿದ ರೈಫಲ್‌ಗಳಿಗೆ ವಿಯೆಟ್ನಾಂನಲ್ಲಿ ಬಹುಪಾಲು ಸಿಗ್ತಿದ್ದು ಬಾಲ್ ಮದ್ದಿನ ರೌಂಡು. ಯಾವುದೇ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿ ಕೆಲಸ ಮಾಡಿದವ್ರು ಇದನ್ನ ಓದಿದ್ರೆ ಮೈ ಉರಿಯತ್ತೆ. 1967ರ ಮೇನಲ್ಲಿ ಮಿಸ್ಸೌರಿಯ ರಿಚರ್ಡ್ ಇಕಾರ್ಡ್ ಅಧ್ಯಕ್ಷತೆಯಲ್ಲಿ ಸಂಸತ್ತಿನ ಉಪಸಮಿತಿ ವಿಚಾರಣೆಗೆ ಕೂತು ಅಕ್ಟೋಬರ್‌ನಲ್ಲಿ ವರದಿ ಕೊಡ್ತು, ಮದ್ದಿನ ದೋಷ ಗೊತ್ತಿದ್ದೂ ಸರಿ ಮಾಡದೇ ಇದ್ದದ್ದು ಅಪರಾಧಕ್ಕೆ ಸಮನಾದ ನಿರ್ಲಕ್ಷ್ಯದ ಹತ್ರಹತ್ರ ಬರತ್ತೆ ಅಂತ ಅದರಲ್ಲಿ ಬರೆದ್ರು.

ತಾನೇ ಕ್ಲೀನ್ ಆಗೋ ರೈಫಲ್ಲು

ಮೂರನೇ ಬದಲಾವಣೆ ಸಾಮಾನಿನದ್ದಲ್ಲ, ಮಾತಿನದ್ದು. ಈ ರೈಫಲ್‌ಗೆ ಕ್ಲೀನಿಂಗ್ ಹೆಚ್ಚೇನೂ ಬೇಡ ಅನ್ನೋ ನಂಬಿಕೆ ಹಬ್ಬಿಬಿಟ್ಟಿತ್ತು. ಹಬ್ಬಿದ್ದಷ್ಟೇ ಅಲ್ಲ, ಕ್ಲೀನಿಂಗ್ ಕಿಟ್‌ಗಳೂ ಸಾಕಷ್ಟು ಹೋಗ್ಲಿಲ್ಲ, ಚೇಂಬರ್ ಬ್ರಷ್ ಅಂತೂ ಇನ್ನೂ ಕಮ್ಮಿ. ಹುಡುಗ್ರು ಮನೆಗೆ ಕಾಗದ ಬರೆದು ಬ್ರಷ್ಷು ಎಣ್ಣೆ ತರಿಸ್ಕೊಳ್ತಿದ್ರು. ಎನ್‌ಸಿಸಿ ಮಾಡಿದವರಿಗೆ ನೆನಪಿರತ್ತೆ, ರೇಂಜಿಂದ ಬಂದ ತಕ್ಷಣ ಪುಲ್‌ಥ್ರೂ, ಚಿಂದಿ, ಎಣ್ಣೆ ಕೊಟ್ಟು ಕೂರಿಸ್ತಾರೆ, ನಳಿಗೆ ತೋರಿಸಿ ಉಸ್ತಾದ್ ಓಕೆ ಅನ್ನೋವರ್ಗೂ ಚಹಾ ಇಲ್ಲ. ಅಷ್ಟು ಮೂಲಭೂತ ಸಾಮಾನನ್ನೇ ಕೊಡದೆ ಸೈನ್ಯವನ್ನ ಕಾಡಿಗೆ ಕಳಿಸಿದ್ರು ಅಂದ್ರೆ ನಂಬೋಕೇ ಕಷ್ಟ.

ಹಾಗಾಗಿ ದೋಷ ಹುಡುಕೋವಾಗ "ಕ್ಲೀನ್ ಮಾಡಿದ್ಯಾ?" ಅಂತ ಕೇಳ್ಬೇಡಿ. ಆ ಪ್ರಶ್ನೆಗೆ ಯಾವ ಸಿಪಾಯಿನೂ ಇಲ್ಲ ಅನ್ನಲ್ಲ. "ಯಾವುದರಲ್ಲಿ ಕ್ಲೀನ್ ಮಾಡ್ದೆ, ತೋರ್ಸು" ಅನ್ನಿ. ಚೇಂಬರ್ ಬ್ರಷ್ ತೆಗೆದು ತೋರಿಸಿದ್ರೆ ಒಂದು ಮಾತು, ಹಲ್ಲುಜ್ಜೋ ಬ್ರಷ್ ತೋರಿಸಿದ್ರೆ ಇನ್ನೊಂದು, ಏನೂ ಇಲ್ಲ ಅಂದ್ರೆ ಆ ದೋಷದ ಎಂಟ್ರಿ ಸ್ಟೋರ್ಸ್ ಪುಸ್ತಕದಲ್ಲಿ ಆಗ್ಬೇಕು, ಅವನ ಕ್ಯಾರೆಕ್ಟರ್ ಶೀಟಲ್ಲಲ್ಲ. ಇಯಾ ಡ್ರಾಂಗ್‌ಗೂ 881ಕ್ಕೂ ಹೋಲಿಸೋವಾಗ ಇದೂ ಲೆಕ್ಕಕ್ಕೆ ಬರ್ಬೇಕು, ಮೊದಲನೇ ತಂಡ ಈ ರೈಫಲ್ ಜೊತೆ ಸಾಕಷ್ಟು ಪಳಗಿತ್ತು, ಮೆರೀನ್‌ಗಳು ಹೆಚ್ಚುಕಮ್ಮಿ ಹೊಸ ಪ್ಯಾಕಿಂಗ್ ಬಿಚ್ಚಿದ ಹಾಗೇ ಬೆಟ್ಟ ಹತ್ತಿದ್ರು. ಕಡೆಗೆ 1968ರ ಹೊತ್ತಿಗೆ ಸೈನ್ಯ ವಿಲ್ ಐಸ್ನರ್ ಅನ್ನೋ ಕಾಮಿಕ್ಸ್ ಚಿತ್ರಕಾರರ ಕೈಲಿ ಬಣ್ಣದ ಚಿತ್ರಗಳ ನಿರ್ವಹಣೆ ಪುಸ್ತಿಕೆ ಮಾಡಿಸಿ ಹಂಚ್ತು. ನಗಬೇಡಿ, ದಪ್ಪ ಮ್ಯಾನ್ಯುಯಲ್ ಯಾರೂ ಓದಲ್ಲ, ಇದನ್ನ ಓದಿದ್ರು.

ಮಧ್ಯೆ ಒಂದು ಮಾತು, ಬಲಗಡೆ ಬೋಲ್ಟ್ ಮುಂದಕ್ಕೆ ತಳ್ಳೋಕೆ ಒಂದು ಗುಂಡಿ ಇರತ್ತಲ್ಲ, ಸೈನ್ಯ ಹಟ ಹಿಡಿದು ಹಾಕಿಸಿದ್ದು ಅದು. ಏರ್‌ಫೋರ್ಸೂ ಬೇಡ ಅಂತು, ಸ್ಟೋನರೂ ಬೇಡ ಅಂದ್ರು. ನಾನೂ ಅವರ ಕಡೆನೇ, ತಾನಾಗಿ ಒಳಗೆ ಹೋಗದ ರೌಂಡನ್ನ ಕೈಯಿಂದ ಗುದ್ದಿ ಕೂರಿಸಿದ್ರೆ ಅದು ಹೊರಗೆ ಬರೋವಾಗ ಇನ್ನೂ ಕಷ್ಟ ಕೊಡತ್ತೆ. ಕ್ರೋಮ್‌ಗೆ ಹಿಡೀಬೇಕಾದ ಹಟ ಇಲ್ಲಿ ಹಿಡಿದ್ರು.

ಸಣ್ಣಪುಟ್ಟದ್ದು

ನೀರು: ಎಂ16ರ 5.56 ಮಿ.ಮೀ. ನಳಿಗೆ ಸಣ್ಣದು, ಹೊಳೆ ದಾಟಿದ ಮೇಲೆ ನೀರು ತಾನಾಗಿ ಇಳಿಯಲ್ಲ, ಒಳಗೇ ನಿಲ್ಲತ್ತೆ. ಹಾಗೇ ಗುಂಡು ಹಾರಿಸಿದ್ರೆ ನಳಿಗೆ ಸೀಳಬಹುದು. ಮೂತಿ ಕೆಳಗೆ ಮಾಡಿ ಬೋಲ್ಟ್ ಸ್ವಲ್ಪ ಹಿಂದೆಳೆದು ಗಾಳಿ ಬಿಟ್ರೆ ನೀರು ಇಳಿಯತ್ತೆ. ಮೂತಿಯಲ್ಲಿದ್ದ ಮೂರು ಕವಲಿನ ಫ್ಲ್ಯಾಶ್ ಹೈಡರ್ (ಗುಂಡಿನ ಬೆಂಕಿ ಕಾಣದ ಹಾಗೆ ಮಾಡೋ ಭಾಗ) ಬಳ್ಳಿಗೆ ಸಿಕ್ಕಾಕ್ಕೊಳ್ತಿತ್ತು, ಆಮೇಲೆ ತುದಿ ಮುಚ್ಚಿರೋ ಪಂಜರದ ಥರದ್ದು ಬಂತು.

ಮ್ಯಾಗಜೀನ್: 20 ರೌಂಡ್‌ದು, ಎಷ್ಟೋ ಜನ 18 ಮಾತ್ರ ತುಂಬ್ತಿದ್ರು. ಬಾಯಿ ಬಗ್ಗಿರೋ ಅಲ್ಯೂಮಿನಿಯಂ ಮ್ಯಾಗಜೀನ್‌ನ ಯಾರೂ ಬಿಸಾಕಲ್ಲ, ಅದೇ ಸುತ್ತಾಡ್ತಾ ಇರತ್ತೆ, ಇವತ್ತು ಅವನ ಗನ್ ನಿಲ್ಲಿಸಿ ನಾಳೆ ಇವನ ಗನ್ ನಿಲ್ಲಿಸತ್ತೆ. ಪಿನ್ ಏಟು ಹಗುರ ಆಗ್ತಿದ್ದದ್ದು ಬೋಲ್ಟ್ ಕ್ಯಾರಿಯರ್ ಮುಂದೆ ಬಡಿದು ಪುಟಿಯೋದ್ರಿಂದ, ಅದಕ್ಕೂ ವೇಗಕ್ಕೂ ನಂಟಿದೆ.

ಬಿಸಿ: 2008ರ ಜುಲೈ 13ರಂದು ಅಫ್ಘಾನಿಸ್ತಾನದ ವನಾತ್‌ನಲ್ಲಿ ಒಂಬತ್ತು ಅಮೆರಿಕನ್ ಸೈನಿಕರು ಸತ್ತ ಕಾಳಗದಲ್ಲೂ ಎಂ4ಗಳು, ಅಂದ್ರೆ ಎಂ16ರದ್ದೇ ಗಿಡ್ಡ ರೂಪ, ನಿಂತ್ವು ಅನ್ನೋ ದೂರು ಬಂತು. ಆದ್ರೆ ಅಲ್ಲಿ ಕೇಳ್ಬೇಕಾದ ಮೊದಲ ಪ್ರಶ್ನೆ ಎಷ್ಟು ಹೊತ್ತಲ್ಲಿ ಎಷ್ಟು ಮ್ಯಾಗಜೀನ್ ಖಾಲಿ ಆಯ್ತು ಅನ್ನೋದು. ಸುತ್ತುವರಿದಾಗ ರೈಫಲ್‌ನ ಮಷೀನ್ ಗನ್ ಥರ ಓಡಿಸೋದು ಬಿಟ್ಟು ಅವರಿಗೆ ಬೇರೆ ದಾರಿ ಇರ್ಲಿಲ್ಲ, ಹಗುರ ನಳಿಗೆಗೆ ಆ ಬಿಸಿ ತಡ್ಕೊಳ್ಳೋ ತಾಕತ್ತೂ ಇರ್ಲಿಲ್ಲ. ಇದಕ್ಕೂ 881ರ ದೋಷಕ್ಕೂ ಗಂಟು ಹಾಕ್ಬಾರ್ದು.

ಬ್ರಿಟಿಷ್ ಸೈನ್ಯದ ಎಸ್ಎ80 ರೈಫಲ್ ಬಗ್ಗೆನೂ ಒಂದ್ ಸಾಲು: 1985ರಲ್ಲಿ ಬಂತು, ಎದೆ ಮೇಲಿನ ಸಾಮಾನಿಗೆ ತಾಗಿ ಮ್ಯಾಗಜೀನ್ ಕ್ಯಾಚ್ ಒತ್ತಿ ಮ್ಯಾಗಜೀನೇ ಕೆಳಗೆ ಬೀಳ್ತಿತ್ತು, ಸೊಳ್ಳೆ ಔಷಧಿ ತಾಗಿದ್ರೆ ಪ್ಲಾಸ್ಟಿಕ್ ಕರಗ್ತಿತ್ತು. ಕೊನೆಗೆ 2000ದ ನಂತರ ಹೆಕ್ಲರ್ ಆಂಡ್ ಕೋಕ್ ಅನ್ನೋ ಗನ್ ಕಂಪನಿ ಕೈಲಿ ಸುಮಾರು 2 ಲಕ್ಷ ರೈಫಲ್ ಬಿಚ್ಚಿ ಸರಿಮಾಡಿಸಿದ್ರು. ಸೊಳ್ಳೆ ಔಷಧಿ ಟೆಸ್ಟ್ ಮಾಡ್ಬೇಕು ಅಂತ ಯಾರಿಗೆ ಹೊಳೆಯತ್ತೆ ಹೇಳಿ.

ಸರಿ ಆಯ್ತಾ ಅಂತ ಹೇಗೆ ಗೊತ್ತಾಗೋದು

ಎಂ16ಗೆ ಆದ ರಿಪೇರಿ ಒಂದೇ ಸಲಕ್ಕೆ ಆಗಿದ್ದಲ್ಲ. 1966ರ ಕೊನೆ, 67ರ ಶುರುವಿನ ಹೊತ್ತಿಗೆ ಒಳಗೆ ಸರಿದಾಡೋ ತೂಕಗಳಿರೋ ಭಾರದ ಬಫರ್ (ಬೋಲ್ಟ್ ಕ್ಯಾರಿಯರ್ ಹಿಂದೆ ಓಡೋವಾಗ ತಡೆ ಕೊಡೋ ಭಾಗ) ಬಂತು, ಬೋಲ್ಟ್ ವೇಗ ಇಳೀತು, ಪುಟಿಯೋದೂ ನಿಲ್ತು. 1967ರ ದ್ವಿತೀಯಾರ್ಧದಿಂದ ಹೊಸ ರೈಫಲ್‌ಗಳ ಚೇಂಬರ್‌ಗೆ ಕ್ರೋಮ್ ಬಂತು, ಪೂರ್ತಿ ನಳಿಗೆಗೆ ಅದಾಗಿ ಕೆಲವು ವರ್ಷದ ಮೇಲೆ. ಕಿಟ್‌ಗಳು, ಎಣ್ಣೆ, ಟ್ರೈನಿಂಗ್ ಬಂತು. ಬಾಲ್ ಮದ್ದು ಹೋಗ್ಲಿಲ್ಲ, ಅದರಲ್ಲಿನ ಕಾರ್ಬೋನೇಟ್ ಕಮ್ಮಿ ಮಾಡಿದ್ರು. ಇದನ್ನ ಗಮನಿಸ್ಬೇಕು: ಅಷ್ಟೊಂದು ಬೈಸ್ಕೊಂಡ ಮದ್ದು ಹಾಗೇ ಉಳಿದ್ರೂ ರೈಫಲ್ ಸರಿಹೋಯ್ತು, ಯಾಕಂದ್ರೆ ಗನ್ನನ್ನ ಮದ್ದಿಗೆ ಮತ್ತೆ ಹೊಂದಿಸಿದ್ರು. 1968ರ ಸೈನ್ಯದ ವರದಿಯಲ್ಲಿ, ಕೇಳಿದ 2,100 ಜನರಲ್ಲಿ ರೈಫಲ್ ಬದಲಾಯಿಸಿ ಕೊಡಿ ಅಂದವರು 38 ಜನ, ಅದರಲ್ಲೂ 35 ಜನಕ್ಕೆ ಬೇಕಾಗಿದ್ದು ಅದೇ ರೈಫಲ್‌ನ ಗಿಡ್ಡ ರೂಪ ಸಿಎಆರ್-15.

ಆದ್ರೆ ಸರ್ವೇ ನಂಬರ್ ನೋಡಿ ಹಿಗ್ಗೋ ಮುಂಚೆ ಒಂದು ಎಚ್ಚರಿಕೆ ಬೇಕು. ಗನ್ ಕೈಕೊಟ್ಟು ಸತ್ತವನು ಸರ್ವೇಗೆ ಉತ್ತರ ಕೊಡಲ್ಲ. 2006ರಲ್ಲಿ ಇರಾಕ್, ಅಫ್ಘಾನಿಸ್ತಾನದಿಂದ ಬಂದ ಸುಮಾರು 2,600 ಸೈನಿಕರನ್ನ ಕೇಳಿದ್ದ ಅಧ್ಯಯನದಲ್ಲಿ ಎಂ16, ಎಂ4 ಎರಡರಲ್ಲೂ ನೂರಕ್ಕೆ 19 ಜನ ಕಾಳಗದಲ್ಲಿ ಗನ್ ನಿಂತಿತ್ತು ಅಂದ್ರು. ಅದು ಕೂಡ ವಾಪಸ್ ಬಂದವರ ಲೆಕ್ಕ.

ಲ್ಯಾಬ್ ಟೆಸ್ಟೂ ಕಣ್ಮುಚ್ಚಿ ನಂಬೋ ಹಾಗಿಲ್ಲ. 2007ರ ಕೊನೆಗೆ ಅಮೆರಿಕದ ಸೈನ್ಯದ ಪರೀಕ್ಷಾ ಕೇಂದ್ರ ಅಬರ್ಡೀನ್‌ನಲ್ಲಿ ಧೂಳಿನ ಪರೀಕ್ಷೆ ಮಾಡಿದ್ರು, ಒಂದೊಂದು ಮಾದರಿದು 10 ರೈಫಲ್, ಒಂದೊಂದರಲ್ಲಿ 6,000 ರೌಂಡ್, ಒಟ್ಟು 60,000. ಎಂ4 ನಿಂತಿದ್ದು 882 ಸಲ, ಎಕ್ಸ್‌ಎಂ8 ಅನ್ನೋ ಇನ್ನೊಂದು ಮಾದರಿ 127 ಸಲ, ಉಳಿದೆರಡು ಮಾದರಿ 226, 233 ಸಲ. ಪೇಪರ್‌ಗಳಲ್ಲಿ ಎಂ4 ಕೊನೇ ಸ್ಥಾನ ಅಂತ ಹೆಡ್‌ಲೈನ್ ಬಂತು. ಆದ್ರೆ ಅದೇ ವರ್ಷದ ಬೇಸಿಗೆಯ ಪರೀಕ್ಷೆಯಲ್ಲಿ ಅದೇ ಎಂ4 ನಿಂತಿದ್ದು 307 ಸಲ. ಒಂದೇ ರೈಫಲ್ಲು ಕೆಲವು ತಿಂಗಳ ಅಂತರದಲ್ಲಿ 307 ಮತ್ತೆ 882 ಕೊಡ್ತು ಅಂದ್ರೆ ಪರೀಕ್ಷೆ ಹಿಂದೆ ಇನ್ನೊಂದು ಅಂಶ ಅಡಗಿದೆ, ಅದನ್ನ ಹಿಡಿಯದೆ ಮಾದರಿ ಮಾದರಿ ಹೋಲಿಸೋದು ನನಗೆ ಅಷ್ಟು ಸರಿ ಕಾಣಲ್ಲ. ಆ 882ರಲ್ಲೂ 239 ಮ್ಯಾಗಜೀನ್‌ದೇ ತಪ್ಪು.

ನಮ್ಮ ಇನ್ಸಾಸ್ ಬಗ್ಗೆ

ಕನ್ನಡದಲ್ಲಿ ಇದನ್ನ ಓದೋರು ಕೇಳೇ ಕೇಳ್ತಾರೆ, ಹಾಗಾದ್ರೆ ಕಾರ್ಗಿಲ್‌ನಲ್ಲಿ ನಮ್ಮ ಸೈನ್ಯದ ಇನ್ಸಾಸ್ ರೈಫಲ್ ಕಥೆ ಏನು ಅಂತ. 1999ರಲ್ಲಿ ಅಲ್ಲಿಂದ ಬಂದ ದೂರುಗಳು ಪತ್ರಿಕೆಗಳಲ್ಲೂ ಬಂದಿವೆ: ಚಳಿಗೆ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟಿದ್ದು, ಜಾಮ್ ಆಗಿದ್ದು, ಮೂರು ರೌಂಡ್‌ಗೆ ಇಟ್ರೆ ಪೂರ್ತಿ ಆಟೋಮ್ಯಾಟಿಕ್ ಓಡಿದ್ದು, ಹೊಡೆಯೋನ ಕಣ್ಣಿಗೆ ಎಣ್ಣೆ ಸಿಡಿದಿದ್ದು. ಎಲ್ಲಾನೂ ಸೇರಿಸಿ "ಇನ್ಸಾಸ್ ಫೇಲ್" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ, ನೋಡಿದ್ರೆ ಇವು ನಾಲ್ಕು ಬೇರೆ ಬೇರೆ ದೋಷ. ಮೂರು ರೌಂಡ್‌ದು ಪೂರ್ತಿ ಆಟೋಮ್ಯಾಟಿಕ್ ಆಗೋದು ಟ್ರಿಗರ್ ಒಳಗಿನ ಯಂತ್ರದ್ದು, ಅದಕ್ಕೆ ಮದ್ದೂ ಕಾರಣ ಅಲ್ಲ, ಮ್ಯಾಗಜೀನೂ ಅಲ್ಲ. ಎಣ್ಣೆ ಸಿಡಿಯೋದಕ್ಕೆ ಎಣ್ಣೆ ಎಷ್ಟು ಹಾಕಿದ್ರು, ಯಾವ ಎಣ್ಣೆ, ಹಿಂದಿನ ಯಾವ ಸಂದಿಯಿಂದ ಬರ್ತಿದೆ ಅಂತ ನೋಡ್ಬೇಕು. ಜಾಮ್ ಅಂದಿದ್ದಕ್ಕೆ ಮತ್ತೆ ಅದೇ ಪ್ರಶ್ನೆ, ಚೇಂಬರ್‌ನಲ್ಲಿ ಏನಿತ್ತು. ಅಷ್ಟು ಎತ್ತರದ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಬೋಲ್ಟ್ ನಿಧಾನ ಆದ್ರೆ ಅದು ಎಂ16ರ ರೋಗದ ಪೂರ್ತಿ ಉಲ್ಟಾ, ಅಲ್ಲಿ ವೇಗ ಜಾಸ್ತಿ, ಇಲ್ಲಿ ಕಮ್ಮಿ, ಬಾಯಲ್ಲಿ ಬರೋ ದೂರು ಮಾತ್ರ ಒಂದೇ. ಆಮೇಲೆ ಇನ್ಸಾಸ್‌ನದ್ದೇ ಸುಧಾರಿಸಿದ ರೂಪ 1ಬಿ1 ಬಂತು, 2019ರಲ್ಲಿ 72,400 ಸಿಗ್716 ರೈಫಲ್‌ಗಳಿಗೆ ಆರ್ಡರ್ ಆಯ್ತು, ಈಗ ಅಮೇಠಿಯ ಕೊರ್ವಾದಲ್ಲಿ ಎಕೆ-203 ತಯಾರಾಗ್ತಿದೆ, ಅದು ಬೇರೆ ಚರ್ಚೆ.

ನಾಲ್ಕರಲ್ಲಿ ಬಿರುಕು ಬಿಟ್ಟ ಮ್ಯಾಗಜೀನ್ ಹಿಡಿಯೋದು ಎಲ್ಲಕ್ಕಿಂತ ಸುಲಭ, ಅದಕ್ಕೇ ಅಲ್ಲಿಂದ ಶುರುಮಾಡಿ. ಎಲ್ಲಾ ಮ್ಯಾಗಜೀನ್ ಮೇಲೂ ಪೇಂಟಲ್ಲಿ ನಂಬರ್ ಬರೆಸಿ. ಗನ್ ನಿಂತಾಗೆಲ್ಲಾ ರೈಫಲ್ ನಂಬರ್, ಮ್ಯಾಗಜೀನ್ ನಂಬರ್, ರೌಂಡ್ ಲಾಟ್, ಚೇಂಬರ್‌ನಲ್ಲಿ ಕಂಡಿದ್ದು, ಆವತ್ತಿನ ಹವೆ, ಇಷ್ಟು ಒಂದೇ ಸಾಲಲ್ಲಿ ಬರೆದಿಡಿ. ಒಂದೇ ಮ್ಯಾಗಜೀನ್ ನಂಬರ್ ಎರಡು ಬೇರೆ ರೈಫಲ್‌ಗಳ ಎದುರು ಕಾಣಿಸ್ಕೊಂಡ್ರೆ ಅದನ್ನ ಪಕ್ಕಕ್ಕೆ ತೆಗೆದಿಡಿ, ಒಂದೇ ರೈಫಲ್ ನಂಬರ್ ಬೇರೆ ಬೇರೆ ಮ್ಯಾಗಜೀನ್ ಜೊತೆ ಬರ್ತಿದ್ರೆ ಆ ರೈಫಲ್ ಆರ್ಮರರ್ (ಗನ್ ರಿಪೇರಿಯವನು) ಟೇಬಲ್‌ಗೆ ಹೋಗ್ಲಿ, ಲಾಟ್ ನಂಬರ್ ಮಾತ್ರ ಪದೇ ಪದೇ ಬರ್ತಿದ್ರೆ ಆ ಪೆಟ್ಟಿಗೆ ಸೀಲ್ ಮಾಡಿ ವಾಪಸ್ ಕಳಿಸಿ.